ಎಕ್ಸೆಲ್ಸಿಯರ್ ಎಂಬ ನನ್ನ ಹಣೆಬರಹ

ನಾನು ಒಂದು ತಗಡಿನ ಬೋರ್ಡು. ಅದಕ್ಕೂ ಮೊದಲು ಎರಡು ಎಣ್ಣೆ ಡಬ್ಬಿಗಳಾಗಿದ್ದೆ. ಹಾಗೆ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಗದಗಿನ ಪೇಂಟರ್ ಒಬ್ಬ ನನ್ನನ್ನು ಬಡಿದು ಚಪ್ಪಟೆ ಮಾಡಿ, ಹಸಿರು ಬಳಿದು, ಹಳದಿ ಬಣ್ಣದಲ್ಲಿ 'ಎಕ್ಸೆಲ್ಸಿಯರ್ ಟೇಲರ್ಸ್' ಎಂದು ಬರೆದ. ಬರೆದು ಮುಗಿಸುವಷ್ಟರಲ್ಲಿ ಮೂರು ಸಲ ಉಸ್ಸಪ್ಪಾ ಎಂದಿದ್ದ.

ಆ ಹೆಸರು ಕೊಟ್ಟವರು ಚರ್ಚಿನ ಫಾದರ್ ಲಾಜರಸ್. ನನ್ನ ಯಜಮಾನರಾದ ವಿಠ್ಠಲರಾವ್ ಪತಂಗೆ ಮಾಸ್ತರರು ಫಾದರ್ ಅವರ ನಿಲುವಂಗಿ ಹೊಲಿದುಕೊಟ್ಟ ದಿನ, ಅಂಗಡಿಗೆ ಯಾರೂ ಇಡದ ಹೆಸರು ಬೇಕೆಂದು ಕೇಳಿದ್ದರು. ಇದು ಲ್ಯಾಟಿನ್ ಮಾತು, 'ಇನ್ನೂ ಎತ್ತರಕ್ಕೆ' ಎಂದರ್ಥ ಎಂದು ಫಾದರ್ ಬಿಡಿಸಿ ಹೇಳಿದರು. ಎತ್ತರ ಎಂದದ್ದೇ ತಡ, ಐದಡಿ ಎರಡಂಗುಲದ ನಮ್ಮ ಮಾಸ್ತರರು ಮರುಮಾತಿಲ್ಲದೆ ಒಪ್ಪಿಬಿಟ್ಟರು.

ಹೆಸರು ಊರು ಸುತ್ತಿದ್ದು ಮಾತ್ರ ನನ್ನಿಂದಲ್ಲ, ಕಾಲರಿನಿಂದ. ಮಾಸ್ತರರು ಗಿರಾಕಿಗಳಿಗೆ ಹೊಲಿದ ಪ್ರತಿ ಅಂಗಿಯ ಕಾಲರ್ ಒಳಗೆ ನನ್ನ ಹೆಸರಿನ ಪುಟ್ಟ ಲೇಬಲ್ ಇರುತ್ತಿತ್ತು. ಹಿಟ್ಟಿನ ಗಿರಣಿ ಹಾಕಲು ಹೊರಟ ಬಸಲಿಂಗಪ್ಪ ಪೂಜೆಯ ದಿನಕ್ಕೆ ಹೊಸ ಅಂಗಿ ಹೊಲಿಸಿದ್ದ. ಗಿರಣಿಗೆ ಹೆಸರು ಹೊಳೆಯದೆ ತಲೆ ಕೆರೆದುಕೊಳ್ಳುತ್ತಿದ್ದಾಗ ಗೂಟಕ್ಕೆ ತೂಗುಹಾಕಿದ ಅಂಗಿಯ ಲೇಬಲ್ ಕಣ್ಣಿಗೆ ಬಿತ್ತು, ಅದನ್ನೇ ಇಟ್ಟ. ಗಿರಣಿ ಭರ್ಜರಿಯಾಗಿ ನಡೆಯಿತು. ಆಮೇಲೆ ಕೇಳಬೇಕೆ? ಎಕ್ಸೆಲ್ಸಿಯರ್ ಸೈಕಲ್ ಮಾರ್ಟ್ ಬಂತು, ಕಟಿಂಗ್ ಸಲೂನ್ ಬಂತು, ಕೊನೆಗೆ ಎಕ್ಸೆಲ್ಸಿಯರ್ ಖಾನಾವಳಿಯೂ ಬಂತು. ಅರ್ಥ ಒಬ್ಬರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಾಸ್ತರರು ಮೀಸೆಯಡಿಯಲ್ಲೇ ನಗುತ್ತಿದ್ದರು.

ಆ ನಗು ನಿಂತದ್ದು ಮೌಲಾಸಾಬನಿಂದ. ಹದಿನಾಲ್ಕು ವರ್ಷ ಮಾಸ್ತರರ ಪಕ್ಕದ ಮಿಷನ್ ತುಳಿದು ಕೆಲಸ ಕಲಿತವನು ಎದುರು ಸಾಲಿನಲ್ಲಿ ಸ್ವಂತ ಅಂಗಡಿ ತೆಗೆದ. ಮಾಸ್ತರರು ಸಂತೋಷದಿಂದಲೇ ಹರಸಿ ಕಳಿಸಿದ್ದರು. ಆದರೆ ಅವನ ಬೋರ್ಡ್ ಮೇಲೇರಿದಾಗ ನೋಡುತ್ತಾರೆ, ಅಲ್ಲೂ 'ಎಕ್ಸೆಲ್ಸಿಯರ್ ಟೇಲರ್ಸ್'. ಗಿರಣಿಯವನು ಇಟ್ಟುಕೊಂಡರೆ ಮೆರುಗು. ಕೈಯಾರೆ ಕಲಿಸಿದವನೇ ಒಂದು ಮಾತೂ ಕೇಳದೆ ಒಯ್ದರೆ? ಮಗನಂತಿದ್ದವನು ಕದ್ದನಲ್ಲ ಎಂದುಕೊಂಡರು. ಅಂದಿನಿಂದ ಮಾತು ಬಿಟ್ಟರು. ಹನ್ನೊಂದು ವರ್ಷ ಮುಖ ಕೊಟ್ಟು ನಿಂತದ್ದು ನಾವೆರಡು ಬೋರ್ಡುಗಳು ಮಾತ್ರ.

ಮಾಸ್ತರರ ಕಣ್ಣು ಮಂಜಾಯಿತು. ಸೂಜಿಗೆ ದಾರ ಪೋಣಿಸಲಾಗದ ದಿನ ಅವರು ಅಂಗಡಿ ಮುಚ್ಚಲು ನಿರ್ಧರಿಸಿದರು. ನನ್ನನ್ನು ಇಳಿಸಿ ಗುಜರಿಯವನ ಗಾಡಿಗೆ ಹಾಕಿದರು. ತುಕ್ಕು ಹಿಡಿದ ಬಕೆಟ್ಟಿನ ಮೇಲೆ ಬಿದ್ದಿದ್ದ ನನಗೆ ನಿಜಕ್ಕೂ ಅಳು ಬಂತು. ಅಷ್ಟರಲ್ಲಿ ಮೌಲಾಸಾಬ ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ರಸ್ತೆ ದಾಟಿ ಬಂದು ನನ್ನನ್ನು ಎತ್ತಿಕೊಂಡ.

"ಉಸ್ತಾದ್, ಇದನ್ನ ನನಗ ಕೊಡ್ರಿ."

"ಹೆಸರ ಒಯ್ಯುವಾಗ ಕೇಳಲಿಲ್ಲ. ತಗಡಿಗೆ ಯಾಕ ಕೇಳತಿ?"

ಮೌಲಾಸಾಬ ನನ್ನನ್ನು ಎದೆಗೆ ಒತ್ತಿಕೊಂಡೇ ನಿಂತಿದ್ದ. "ನಾವು ಮೂಲದಾಗ ಬ್ಯಾಂಡ್ ಬಾರಿಸೋ ಮನೆತನದ ಮಂದಿರಿ. ನಮ್ಮಾಗ ಶಿಷ್ಯಾ ತನ್ನ ಹೆಸರ ಮುಂದ ಮಾಡಿದ್ರ ಉಸ್ತಾದನ್ನ ಮರತ ಅಂತಾರ. ನನ್ನ ಹೆಸರ ಬರಸಾಕ ಕೈ ಬರಲಿಲ್ರಿ, ಅದಕ್ಕ ನಿಮ್ಮ ಅಂಗಡಿ ಹೆಸರ ಬರಸಿದೆ. ನೀವು ಮಾರಿ ತಿರುವಿದ್ರಿ, ಯಾಕ ಅಂತ ಕೇಳಾಕ ಧೈರ್ಯ ಸಾಲಲಿಲ್ಲ."

ಮಾಸ್ತರರು, ಹನ್ನೊಂದು ವರ್ಷ ಎದುರಿಗೇ ಕೂತು ಈ ಒಂದು ಮಾತು ಹೇಳಲಿಲ್ಲವಲ್ಲೋ ಎಂದು ಅವನ ಭುಜ ಹಿಡಿದುಕೊಂಡರು. ತಾವೂ ಕೇಳಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಈಗ ನಾನು ಮೌಲಾಸಾಬನ ಅಂಗಡಿಯೊಳಗೆ, ಬಟ್ಟೆ ಕತ್ತರಿಸುವ ಮೇಜಿನ ಮೇಲ್ಗಡೆ ಇದ್ದೇನೆ. ಬಿಸಿಲು ಮಳೆ ತಾಕುವುದಿಲ್ಲ. ಬಣ್ಣ ಉದುರಿದ್ದರೂ ಯಾರೂ ಬೈಯುವುದಿಲ್ಲ. ದಿನಾ ಮಧ್ಯಾಹ್ನ ಮಾಸ್ತರರು ಬಂದು ಕೂರುತ್ತಾರೆ. ಮೌಲಾಸಾಬ ಸೂಜಿಗೆ ದಾರ ಪೋಣಿಸಿ ಕೊಟ್ಟರೆ ಬೆರಳಿನ ಅಂದಾಜಿನಲ್ಲೇ ಗುಂಡಿ ಹಚ್ಚುತ್ತಾರೆ. ಎತ್ತರವೆಂದರೆ ಬೀದಿಗೆ ಕಾಣುವಂತೆ ಅಂಗಡಿಯ ನೆತ್ತಿಯ ಮೇಲಿರುವುದು ಎಂದೇ ನಾನು ತಿಳಿದಿದ್ದೆ, ಪೆದ್ದು ತಗಡು.

ಮೊನ್ನೆ ಮೌಲಾಸಾಬ ಅವರನ್ನು ನಿಲ್ಲಿಸಿ ಅಳತೆ ತೆಗೆದ. ಐವತ್ತು ವರ್ಷ ಊರಿನ ಅಳತೆ ತೆಗೆದವರು, ಉಳಿದ ತುಂಡು ಬಟ್ಟೆಯಲ್ಲೇ ತಮ್ಮ ಅಂಗಿ ಹೊಲಿದುಕೊಂಡವರು. ಅದಕ್ಕೆ ಲೇಬಲ್ ಹಚ್ಚಿಕೊಂಡದ್ದೇ ಇಲ್ಲ. ಇಂದು ಹೊಸ ಅಂಗಿ ತೊಟ್ಟವರು ಕತ್ತಿನ ಹಿಂದೆ ಬೆರಳಾಡಿಸಿ, ಏನೋ ಚುಚ್ಚುತ್ತಿದೆ ಎಂದರು.

"ಲೇಬಲ್ ರಿ, ಉಸ್ತಾದ್. ಬಿಚ್ಚಲೇನು?"

ಮಾಸ್ತರರು ಕಾಲರನ್ನು ಮೆಲ್ಲಗೆ ಸರಿಮಾಡಿಕೊಂಡರು. "ಬ್ಯಾಡ. ಇರಲಿ ಬಿಡು."