ಜಿಪ್ಪಮ್ಮನ ಧ್ವನಿ ಒಡೆದದ್ದು

ಜಿಪ್ಪಮ್ಮನ ಧ್ವನಿ ಒಡೆದದ್ದು ಅವಳಿಗೆ ನಲವತ್ತೊಂದು ತುಂಬಿದ ಮೇಲೆ. ಒಡೆದದ್ದು ಅವಳ ಗಂಟಲಲ್ಲಲ್ಲ, ಮಗ ಪುಟ್ಟನ ಗಂಟಲಲ್ಲಿ. ಆದರೆ ಮನೆ ಬಾಡಿಗೆಗೆ ಕೊಟ್ಟ ಕಂಪನಿಯ ರಿಪೇರಿ ಆಫೀಸಿನ ಮಟ್ಟಿಗೆ ಅವಳ ಧ್ವನಿ ವಾಸವಾಗಿದ್ದದ್ದೇ ಅಲ್ಲಿ.

ಹೊಲಿಗೆ ಕಾರ್ಖಾನೆಯಲ್ಲಿ ಪ್ಯಾಂಟುಗಳಿಗೆ ಜಿಪ್ಪು ಕೂರಿಸುವುದು ಅವಳ ಕೆಲಸ; ಹೆಸರು ಬಂದದ್ದು ಹಾಗೆ. ಈ ದೇಶಕ್ಕೆ ಬಂದು ಹದಿನೈದು ವರ್ಷ. ಇಲ್ಲಿನ ಭಾಷೆ ಬರುವುದಿಲ್ಲವೆಂದಲ್ಲ, ಧಾರಾಳವಾಗಿ ಬರುತ್ತಿತ್ತು. ಆದರೆ ನಮ್ಮ ಕಡೆಯ ಏರಿಳಿತದ ಮೇಲೆ ಸವಾರಿ ಮಾಡಿಕೊಂಡು ಬರುತ್ತಿತ್ತು. ಕೇಳಿದವರು ಹುಬ್ಬು ಗಂಟಿಕ್ಕಿ "ಏನಂದ್ರಿ?" ಎನ್ನುತ್ತಿದ್ದರು. ಎದುರಿಗಿದ್ದರೆ ಕೈ ಆಡಿಸಿಯಾದರೂ ತಿಳಿಸಬಹುದು, ಫೋನಿನಲ್ಲಿ ಕೈ ಕಾಣುವುದಿಲ್ಲವಲ್ಲ.

ಪುಟ್ಟ ಇಲ್ಲೇ ಹುಟ್ಟಿದವನು, ಮಾತೂ ಇಲ್ಲಿನವರದೇ. ಬಾಡಿಗೆ ಕರಾರಿನಲ್ಲಿ ಹೆಸರಿದ್ದವರ ಜೊತೆ ಮಾತ್ರ ಮಾತಾಡುತ್ತೇವೆ ಎಂದು ಆಫೀಸಿನವರು ಪಟ್ಟು ಹಿಡಿದಾಗ, ಒಂಬತ್ತು ವರ್ಷದ ಪುಟ್ಟ ಕೀಚಲು ಧ್ವನಿಯಲ್ಲಿ "ನಾನೇ ಅವರು" ಎಂದುಬಿಟ್ಟಿದ್ದ. ಅಂದಿನಿಂದ ನಾಲ್ಕು ವರ್ಷ ಫೋನಿನಲ್ಲಿ ಅವನೇ ಜಿಪ್ಪಮ್ಮ. ಏನು ಹೇಳಬೇಕೆಂದು ಅವಳು ಬೆಳಿಗ್ಗೆ ಅರಚಿ ಕೆಲಸಕ್ಕೆ ಹೋಗುವುದು, ಅವನು ಶಾಲೆ ಬಿಟ್ಟ ಮೇಲೆ ಫೋನ್ ಮಾಡುವುದು.

ಈಗ ಮೇಲಿನ ಮನೆಯ ಬಚ್ಚಲ ನೀರು ಕುಡಿದು ಕುಡಿದು ಮಲಗುವ ಕೋಣೆಯ ಗೋಡೆ ಉಬ್ಬಿತ್ತು. ಪುಟ್ಟನ ತಂಗಿ, ಮೂರು ವರ್ಷದ ಕೂಸು, ಎರಡು ಚಳಿಗಾಲ ಕೆಮ್ಮಿ ಮುಗಿಸಿದ್ದಳು. ಮೂರನೆಯದು ಹೊಸ್ತಿಲಲ್ಲಿತ್ತು. ಶನಿವಾರ ಹತ್ತಕ್ಕೆ ಫೋನ್ ಮಾಡುತ್ತೇವೆ, ನೀವೇ ಮಾತಾಡದಿದ್ದರೆ ದೂರನ್ನು ಮುಚ್ಚುತ್ತೇವೆ ಎಂದು ಆಫೀಸಿನಿಂದ ಪತ್ರ ಬಂತು. ಸರಿಯಾಗಿ ಅದೇ ವಾರ ಪುಟ್ಟನ ಗಂಟಲು ಕೈಕೊಟ್ಟಿತು.

"ಎಲ್ಲಿ, ಹಲೋ ಅನ್ನು ನೋಡೋಣ," ಎಂದಳು ಶನಿವಾರ ಬೆಳಿಗ್ಗೆ.

"ಹಲೋ." ಹಳೇ ಬಾಗಿಲು ಕಿರುಗುಟ್ಟಿ ದಬ್ಬೆಂದು ಮುಚ್ಚಿದಂತಾಯಿತು.

"ಇದು ನಾನಾ? ನಿಮ್ಮ ಸೋದರಮಾವ ಮಾತಾಡ್ದಂಗಿದೆ!"

"ಹಾಗಾದ್ರೆ ನೀನೇ ಮಾತಾಡಮ್ಮಾ. ಆದ್ರೆ ನನ್ನ ಥರಾನೇ ಮಾತಾಡ್ಬೇಕು. ಇಲ್ಲಾಂದ್ರೆ ನೀನು ನೀನಲ್ಲ ಅಂತಾರೆ."

"ನನ್ನ ಥರ ಮಾತಾಡೋದನ್ನ ನಾನು ನಿನ್ನ ಹತ್ರ ಕಲೀಬೇಕೇನೋ? ಯಾರನ್ನ ಯಾರೋ ಹೆತ್ತಿದ್ದು?"

ಆದರೂ ಕಲಿತಳು. ತುಟಿ ಬಿಗಿ ಹಿಡಿ, ದನಿ ಕುಣಿಸಬೇಡ, ಅರ್ಧ ಮಾತು ನುಂಗು ಎಂದು ಪುಟ್ಟ ಅರ್ಧ ಗಂಟೆ ಪಾಠ ಮಾಡಿದ. ಅಮ್ಮನ ಮೂತಿ ನೋಡಿ ತಂಗಿ ನಕ್ಕಳು. ನಗುತ್ತಾ ನಗುತ್ತಾ ಕೆಮ್ಮತೊಡಗಿದಳು, ನಿಲ್ಲಿಸಲಾಗಲಿಲ್ಲ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

ಜಿಪ್ಪಮ್ಮ ತುಟಿ ಬಿಗಿಹಿಡಿದು ಎರಡು ವಾಕ್ಯ ಹೇಳಿರಬಹುದು. ಆಫೀಸಿನ ಹೆಂಗಸು ತಡೆದಳು.

"ನೀವ್ಯಾರು? ಅವರ ಧ್ವನಿ ನಂಗೊತ್ತಿಲ್ವಾ? ನಾಲ್ಕು ವರ್ಷದಿಂದ ಮಾತಾಡ್ತಿದೀನಿ. ಎಂಥಾ ಸಾಧು ಹೆಂಗಸು ಗೊತ್ತಾ! 'ಗೋಡೆ ಸ್ವಲ್ಪ ತೇವ ಆಗಿದೆ, ಅವಸರ ಏನಿಲ್ಲ, ಬಿಡುವಾದಾಗ ನೋಡಿ' ಅಂತಾರೆ ಪಾಪ. ಅದಕ್ಕೇ ಕೂಗಾಡೋರ ಮನೆ ಮೊದಲು ಮುಗಿಸಿ, ಅವರದ್ದು ಹಿಂದಕ್ಕೆ ಇಟ್ಟಿದೀನಿ."

ಜಿಪ್ಪಮ್ಮ ಫೋನಿನ ಮೇಲೆ ಅಂಗೈ ಒತ್ತಿ ಮಗನ ಕಡೆ ತಿರುಗಿದಳು. "ಅವಸರ ಇಲ್ಲ ಅಂದ್ಯೇನೋ? ನಾನು ಹೇಳಿ ಹೋಗಿದ್ದೇನು?"

ಪುಟ್ಟ ತಲೆ ತಗ್ಗಿಸಿದ. "ಅಂಗಡೀಲಿ ನೀನು ಆ ಕಡೆ ತಿರುಗಿದ್ರೆ ಅಲ್ಲಿರೋರು ನಿನ್ನ ಥರ ಮಾತಾಡ್ಕೊಂಡು ನಗ್ತಾರಮ್ಮಾ. ಫೋನಲ್ಲಾದ್ರೂ ನಿನ್ನ ಒಳ್ಳೇವಳು ಅನ್ನಲಿ ಅಂತ..."

ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಅವಳ ಮನೆಯಲ್ಲಿ ಮಾತು ಬಲ್ಲವನಿದ್ದ, ಜಗಳವಿರಲಿಲ್ಲ, ಗೋಡೆ ಮಾತ್ರ ಒದ್ದೆಯಾಗಿಯೇ ಇತ್ತು. ಬೈಯಲು ಬಾಯಿ ತೆರೆದವಳಿಗೆ ಅಳು ಬಂತು. ನಾಲ್ಕು ವರ್ಷ ಈ ಹುಡುಗ ತನ್ನ ಮಾನ ಕಾಯುತ್ತಿದ್ದನಲ್ಲ! ಸೆರಗಿನಿಂದ ಮೂಗೊರೆಸಿ ಫೋನಿನಿಂದ ಕೈ ತೆಗೆದಳು. ತುಟಿ ಸಡಿಲ ಬಿಟ್ಟಳು.

"ಇಷ್ಟು ದಿನ ಮಾತಾಡಿದ್ದು ನನ್ನ ಮಗ. ಕರಾರಿನಲ್ಲಿ ಇರೋಳು ನಾನು," ಎಂದು ಕರಾರಿನ ಸಂಖ್ಯೆ, ಹುಟ್ಟಿದ ತಾರೀಖು ಎರಡನ್ನೂ ಒಪ್ಪಿಸಿದಳು. "ನಂಗೆ ಅವಸರ ಇದೆ. ಮಗು ಕೆಮ್ತಿದೆ, ಕೇಳಿಸ್ತಿದೆಯಲ್ಲ? ಸೋಮವಾರ ಕೆಲಸದವರು ಬರದಿದ್ರೆ ಮಕ್ಕಳನ್ನ ಕರ್ಕೊಂಡು ಬಂದು ನಿಮ್ಮ ಮೇಜಿನ ಕೆಳಗೆ ಹಾಸಿಗೆ ಹಾಸ್ತೀನಿ."

"ಏನಂದ್ರಿ?"

ಜಿಪ್ಪಮ್ಮ ಮತ್ತೆ ಹೇಳಿದಳು. ಈ ಸಲ ದಿಂಬು, ಕಂಬಳಿಯೂ ಸೇರಿದವು.

"ಕ್ಷಮಿಸಿ, ಇನ್ನೊಂದ್ಸಲ?"

ಮೂರನೆಯ ಸಲ ವಾರಕ್ಕೊಮ್ಮೆ ಮನೆಗೆ ಬರುವ ಲಾರಿ ಡ್ರೈವರ್ ಗಂಡನೂ ಅವನ ಗೊರಕೆಯೂ ಮೇಜಿನ ಕೆಳಗೆ ಬಂದು ಬಿದ್ದವು. ಒಂದೇ ಜಗಳವನ್ನು ಮೂರು ಸಲ, ಅದೂ ಅವರೇ ಕೇಳಿಕೊಂಡಾಗ ಆಡುವ ಭಾಗ್ಯ ಇಲ್ಲೇ ಹುಟ್ಟಿದವರಿಗೆ ಎಲ್ಲಿದೆ! ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ "ಏನಂದ್ರಿ" ಎಂಬ ಮಾತು ಹಿತವಾಗಿ ಕೇಳಿಸಿತು.

ಆ ಕಡೆ ಹಾಳೆ ಮಗುಚುವ ಸದ್ದಾಯಿತು. ಆಮೇಲೆ, "ಸೋಮವಾರ ಎಂಟು ಗಂಟೆಗೆ ಬರ್ತಾರೆ. ದಯವಿಟ್ಟು ನೀವು ಬರಬೇಡಿ."

ಫೋನಿಟ್ಟಾಗ ಪುಟ್ಟ ಗೋಡೆಗೊರಗಿ ನಿಂತಿದ್ದ, ಮುಖ ಸಣ್ಣದಾಗಿತ್ತು.

"ಅಮ್ಮಾ, ಅವರೀಗ ನಿನ್ನ ಏನಂದ್ಕೊಂಡಿರ್ತಾರೆ?"

"ಗಯ್ಯಾಳಿ ಅಂದ್ಕೊಂಡಿರ್ತಾರೆ," ಎಂದು ಜಿಪ್ಪಮ್ಮ ಅವನನ್ನು ಒದ್ದೆ ಗೋಡೆಯಿಂದ ಈಚೆಗೆಳೆದುಕೊಂಡಳು. "ಅಂದ್ಕೊಳ್ಳಲಿ ಬಿಡೋ. ಕೊನೆಗಾದ್ರೂ ನನ್ನನ್ನೇ ಅಂದ್ಕೊಂಡ್ರಲ್ಲ."