ಅಣ್ಣ ಕಟ್ಟಿದ ಲೇಸು

ನನ್ನ ಅಣ್ಣನ ಕೆಲಸ ಶೂ ಕಂಪನಿಯ ಪರೀಕ್ಷಾ ಕೋಣೆಯಲ್ಲಿ. ನನ್ನ ಮೂಗು ಬಾಯಿಗೆ ಮುಖವಾಡ ಬಿಗಿದು, ಟ್ರೆಡ್‌ಮಿಲ್ ಮೇಲೆ ಓಡಿಸಿ, ಉಸಿರು ಅಳೆಯುತ್ತಿದ್ದ. ಅದೇ ವೇಗಕ್ಕೆ ಕಡಿಮೆ ಉಸಿರು ಸಾಕಾದರೆ ಶೂ ಒಳ್ಳೆಯದು, ಅಷ್ಟೇ ವಿದ್ಯೆ. ನನ್ನಷ್ಟು ಏರುಪೇರಿಲ್ಲದೆ ಓಡುವವರನ್ನು ನೋಡೇ ಇಲ್ಲ ಎಂದು ಹೊಗಳುತ್ತಿದ್ದ. ನಾನೂ ಉಬ್ಬಿಹೋಗುತ್ತಿದ್ದೆ, ಪೆದ್ದಿ.

ಅವರ ಹೊಸ ಶೂಗೆ ಹಗುರ ಸ್ಪಂಜಿನ ದಪ್ಪ ಅಟ್ಟೆ, ಅದರೊಳಗೆ ಬಾಗಿದ ಗಟ್ಟಿ ಪಟ್ಟಿ. ಹೆಜ್ಜೆ ಊರಿದರೆ ಸಾಕು, ಅದೇ ಮುಂದಕ್ಕೆ ತಳ್ಳುತ್ತಿತ್ತು. ದೇಶದ ಓಟದ ತಂಡದಲ್ಲಿ ಉಳಿದದ್ದು ಒಂದೇ ಜಾಗ. ನನಗಾಗಲೇ ಮೂವತ್ತು ದಾಟಿತ್ತು; ಈ ಸಲ ತಪ್ಪಿದರೆ ಮುಗಿಯಿತು. ಆಯ್ಕೆ ಓಟದ ಬೆಳಿಗ್ಗೆ ಅಣ್ಣ ಹೊಸ ಜೋಡಿ ತಂದು, ತಾನೇ ಮಂಡಿಯೂರಿ ಲೇಸು ಕಟ್ಟಿದ.

ಓಡುವಾಗ ಪುಟಿತ ಕಡಿಮೆ ಅನ್ನಿಸಿತು. ಗಾಬರಿಗೆ ಹಾಗಾಗುತ್ತದೆ ಅಂದುಕೊಂಡೆ. ಅರ್ಧ ದಾರಿಗೇ ಮೀನಖಂಡ ಕಲ್ಲಾಯಿತು. ಅದೇ ಬಣ್ಣದ ಶೂ ತೊಟ್ಟ, ಕಂಪನಿಯೇ ಸಾಕುತ್ತಿದ್ದ ಹುಡುಗಿ ಕೊನೆಯ ತಿರುವಿನಲ್ಲಿ ನನ್ನನ್ನು ದಾಟಿದಳು. ಕೂದಲೆಳೆಯಲ್ಲಿ ಸೋತೆ. ವಯಸ್ಸಾಯಿತು ಬಿಡು ಎಂದು ಬಚ್ಚಲಲ್ಲಿ ಕೂತು ಅತ್ತೆ.

ಸಂಜೆ ಶೂ ಒಣಗಿಸಲು ಹೋದರೆ, ಕೈಯಲ್ಲಿ ಬಟ್ಟೆಯ ಹಾಗೆ ಮಡಚಿಕೊಂಡಿತು. ಪಟ್ಟಿ ಇರುವ ಶೂ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ಅಡುಗೆಮನೆಯ ಚಾಕು ತಂದು ಅಟ್ಟೆ ಸೀಳಿದೆ. ಬರೀ ಸ್ಪಂಜು.

ಸೀಳಿದ ಶೂ ಅಣ್ಣನ ಮುಂದಿಟ್ಟೆ. ಅವನು ತಡವರಿಸಲಿಲ್ಲ. ನೋಡಲು ಒಂದೇ ಥರದ ಎರಡು ಜೋಡಿ, ಆ ಹುಡುಗಿಯದರಲ್ಲಿ ಪಟ್ಟಿ, ನನ್ನದರಲ್ಲಿ ಇಲ್ಲ; ನಿಜವಾದ ಓಟದಲ್ಲಿ ವ್ಯತ್ಯಾಸ ಎಷ್ಟು ಎಂದು ಕಂಪನಿ ನೋಡಬೇಕಿತ್ತಂತೆ. ಅದಕ್ಕೆ ಏರುಪೇರಿಲ್ಲದ ಕಾಲು ಬೇಕಿತ್ತಂತೆ.

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಪರೀಕ್ಷೆ ಕೆಟ್ಟುಹೋಗ್ತಿತ್ತಮ್ಮ. ಪಟ್ಟಿ ಇಲ್ದೇನೂ ನೀನು ಎಷ್ಟು ಹತ್ತಿರ ಬಂದೆ ನೋಡು."

ಬೆನ್ನು ತಟ್ಟಲು ಬಂದ. ಆ ಕೈ ಕಂಡರೆ ಮೈ ಉರಿಯಿತು. ಬೇರೆ ಯಾರಾದರೂ ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ.

"ಒಂದು ಕ್ಷಣಾನಾದ್ರೂ ನಾನು ಗೆಲ್ಲಲಿ ಅನ್ನಿಸ್ತಾ ಅಣ್ಣಾ?"

ಅವನು ಶೂ ಕೈಗೆತ್ತಿಕೊಂಡು ಸೀಳು ಸವರುತ್ತ ಕೂತ.

"ಅನ್ನಿಸ್ತು. ಆದ್ರೆ ನೀನು ಗೆದ್ದಿದ್ರೆ ನನ್ನ ಶೂ ಸೋತ ಹಾಗಾಗ್ತಿತ್ತಲ್ಲ."

ಅಮ್ಮ ಊಟಕ್ಕೆ ಕರೆದರು. ನಾನು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ಅವನೆದುರು ತುತ್ತು ಇಳಿಯುತ್ತಿರಲಿಲ್ಲ.