ಗುಟ್ಟಾಗಿ ಮಾರಲು ಹೊರಟ ಮನೆ

ಟೈಲರಕ್ಕನ ಮನೆ ಎತ್ತರಕ್ಕೆ ಮೂರು ಅಂತಸ್ತು, ಅಗಲಕ್ಕೆ ಒಂದೇ ಕೋಣೆ. ಕೆಳಗೆ ಹೊಲಿಗೆ ಮೆಷಿನ್ನು, ನಡುವೆ ಅಡುಗೆಮನೆ, ಮೇಲೆ ಹಾಸಿಗೆ. ಒಂದು ಲೋಟ ನೀರು ಬೇಕೆಂದರೂ ಹದಿನಾಲ್ಕು ಮೆಟ್ಟಿಲು. ಮೂವತ್ತು ವರ್ಷ ಹತ್ತಿ ಇಳಿದ ಮಂಡಿಗಳು ಈಗ ಮುಷ್ಕರ ಹೂಡಿದ್ದವು. ಅಂಚೆ ಕಚೇರಿಯ ಹಿಂದೆ ಒಂದೂ ಮೆಟ್ಟಿಲಿಲ್ಲದ, ಮೂರು ಕೋಣೆಯ ಮನೆಯೊಂದು ಖಾಲಿಯಾಗಿತ್ತು. ಮೂರನೆಯ ಕೋಣೆಗೆ ಬೀದಿಯ ಕಡೆ ದೊಡ್ಡ ಕಿಟಕಿ. ಆ ಬೆಳಕಿನಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರವನ್ನೂ ಆರಾಮಾಗಿ ಹಾಕಬಹುದು. ಅದನ್ನು ನೋಡಿ ಬಂದ ದಿನದಿಂದ ಅವಳಿಗೆ ಅದೇ ಧ್ಯಾನ. ಆದರೆ ಈ ಮನೆ ಒಳ್ಳೆಯ ಬೆಲೆಗೆ ಹೋದರೆ ಮಾತ್ರ ಆ ಮನೆ ಕೈಗೆ ಬರುವುದು.

ಹೊರಗೆ ಬೋರ್ಡು ಹಾಕಲು ಅವಳಿಗೆ ಭಯ. ಭಯಕ್ಕೆ ಕಾರಣ ಎದುರು ಮನೆಯಲ್ಲಿದ್ದ ಸ್ವಂತ ತಂಗಿ. ಬೀದಿಯವರು ಅವಳನ್ನು ರೇಡಿಯೋ ಎಂದು ಕರೆಯುತ್ತಿದ್ದದ್ದು ಸುಮ್ಮಸುಮ್ಮನೆ ಅಲ್ಲ. ಹಿಂದೊಮ್ಮೆ ಅಕ್ಕನ ಕಣ್ಣಿನ ಆಪರೇಷನ್ ಆದಾಗ, ಪಾಪ, ಕಾಳಜಿಯಿಂದಲೇ, ಇನ್ನು ಅಕ್ಕ ಹೊಲಿಯುವುದು ಕಷ್ಟ ಎಂದು ನಾಲ್ಕು ಜನರ ಹತ್ತಿರ ಹೇಳಿದ್ದಳು. ಸಂಜೆಯೊಳಗೆ ಗಿರಾಕಿಗಳು ಬಂದು ತೋಳಿಲ್ಲದ ಅಂಗಿ, ಪಟ್ಟಿಯಿಲ್ಲದ ಪ್ಯಾಂಟು ಎನ್ನದೆ ಎಲ್ಲವನ್ನೂ ಬಾಚಿಕೊಂಡು ಹೋಗಿದ್ದರು. ಇನ್ನು ಮನೆಯೇ ಮಾರಾಟಕ್ಕಿದೆ ಎಂದು ತಿಳಿದರೆ ಕೇಳಬೇಕೆ.

ಈ ಸಂಕಟವನ್ನು, ಮನೆ ಮಾರಿಕೊಡಲು ಅವಳು ಗುಟ್ಟಾಗಿ ಗೊತ್ತು ಮಾಡಿದ್ದ ಬ್ರೋಕರ್ ಬಲು ಬೇಗ ಅರ್ಥ ಮಾಡಿಕೊಂಡ. ಬೋರ್ಡು ಬೇಡ, ಜಾಹೀರಾತು ಬೇಡ, ಗಿರಾಕಿ ಕೈಯಲ್ಲೇ ಇದ್ದಾನೆ, ದೂರದ ಊರಿನವನು, ಅಳತೆ ಕೊಡುವ ನೆಪದಲ್ಲಿ ಬಂದು ಮನೆ ನೋಡಿಕೊಂಡು ಹೋಗುತ್ತಾನೆ ಎಂದ. ಬೆಲೆ ಕೇಳಿ ಅವಳ ಮುಖ ಸಣ್ಣದಾಯಿತು. ಅಷ್ಟಕ್ಕೆ ಎಲ್ಲಾದರೂ ಎರಡು ಕೋಣೆ ಸಿಕ್ಕೀತು, ಮೆಷಿನ್ ಇಡಲು ಜಾಗ ಸಿಗದು. ಇನ್ನೊಬ್ಬರನ್ನು ಕೇಳೋಣವೇ ಎಂದಳು. ಇಷ್ಟು ಮೆಟ್ಟಿಲು ಹತ್ತುವ ಹುಚ್ಚು ಇನ್ಯಾರಿಗಿದೆ ಎಂದು ಅವನು ನಕ್ಕ. ಯಾರನ್ನೂ ಕೇಳದೆ ಅದು ಹೇಗೆ ಗೊತ್ತಾಯಿತು ಎಂದು ತಿರುಗಿ ಕೇಳಬೇಕಿತ್ತು. ಗುಟ್ಟು ಕಾಯುವ ಗಡಿಬಿಡಿಯಲ್ಲಿ ನಮ್ಮ ಟೈಲರಕ್ಕನಿಗೆ ಅದು ಹೊಳೆಯಲೇ ಇಲ್ಲ.

ಹೇಳಿದ ದಿನ ಗಿರಾಕಿ ಬಂದ. ನೋಡಿದರೆ ಸಾಧು ಮನುಷ್ಯ. ಮೆಟ್ಟಿಲು ಕಂಡೇ ಬೆವರಿ, ಕೋಟು ಬಿಚ್ಚಿ ಮೊಳೆಗೆ ತಗುಲಿಸಿ, ಬ್ರೋಕರನ ಹಿಂದೆ ಮೇಲೆ ಹೋದ. ಮೇಜಿನ ಮೇಲೆ ಕರಾರು ಪತ್ರ, ಪಕ್ಕದಲ್ಲಿ ಪೆನ್ನು. ಅವರು ಇಳಿದು ಬಂದರೆ ಸಹಿ ಹಾಕುವುದೊಂದೇ ಬಾಕಿ. ಆದರೆ ಕೋಟಿನ ಒಳಗಿನ ಅಸ್ತರು ಬಟ್ಟೆಯ ಹೊಲಿಗೆ ಒಂದು ಬೆರಳಿನಷ್ಟು ಬಿಟ್ಟಿತ್ತು. ಬಿಟ್ಟ ಹೊಲಿಗೆ ಕಣ್ಣೆದುರು ನೇತಾಡುತ್ತಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಸೂಜಿಗೆ ದಾರ ಪೋಣಿಸಿ ಕೋಟನ್ನು ಮಗುಚಿದಳು. ಎಡಗಡೆ ಒಳಗೆ ಹಸಿರು ಪಟ್ಟೆಯದೊಂದು ಜೇಬು, ಉದ್ದ ಹೆಚ್ಚು, ಅಗಲ ಕಡಿಮೆ.

ಅದು ಅವಳದೇ ಕೈಕೆಲಸ. ಎರಡು ವರ್ಷದ ಹಿಂದೆ, ಕಂಡವರ ಮನೆಯ ಬೀಗದ ಕೈಗಳನ್ನು ಇಡಲು ಇಂಥದೊಂದು ಜೇಬು ಬೇಕು ಎಂದು ಹೊಲಿಸಿಕೊಂಡವನು ಇದೇ ಬ್ರೋಕರ್. ಪಟ್ಟೆ ಬಟ್ಟೆ ಸಾಲದೆ ಕೆಳಗೆ ತುಂಡು ಸೇರಿಸಿದ್ದೂ ಅವಳಿಗೆ ನೆನಪಿತ್ತು.

ಇಬ್ಬರೂ ಇಳಿದು ಬಂದರು. ಅವಳು ಕೋಟನ್ನು ಮಡಿಲಲ್ಲೇ ಇಟ್ಟುಕೊಂಡು ಏನೂ ಅರಿಯದವಳಂತೆ ಕೇಳಿದಳು.

"ಕೋಟು ಚೆನ್ನಾಗಿದೆ. ಎಲ್ಲಿ ಹೊಲಿಸಿದ್ರಿ?"

"ನಂದಲ್ಲಮ್ಮ, ನಮ್ಮ ಭಾವಂದು," ಎಂದು ಆ ಸಾಧು ಬ್ರೋಕರನ ಕಡೆ ಕೈ ತೋರಿಸಿದ. "ಅವರಿಗೆ ಹೊಟ್ಟೆ ಹತ್ರ ಬಿಗಿಯಾಯ್ತು, ನಂಗೆ ಕೊಟ್ರು."

ಬ್ರೋಕರನಿಗೆ ಎಲ್ಲಿಲ್ಲದ ಕೆಮ್ಮು ಬಂತು. ಬಾಮೈದನನ್ನು ಮುಂದೆ ಬಿಟ್ಟು ಅಗ್ಗಕ್ಕೆ ಕೊಂಡು, ಆಮೇಲೆ ದೊಡ್ಡ ಬೋರ್ಡು ಹಾಕಿ ದುಪ್ಪಟ್ಟಿಗೆ ಮಾರುವ ಹುನ್ನಾರ. ಟೈಲರಕ್ಕನಿಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೇ ನಾಚಿಕೆಯಾಯಿತು. ತಂಗಿಯ ಬಾಯಿಗೆ ಹೆದರಿ ಇವನ ಬಾಯಿಗೆ ಬೀಳುತ್ತಿದ್ದೆನಲ್ಲ ಎಂದುಕೊಂಡಳು. ಕರಾರು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಆ ಹಸಿರು ಜೇಬಿನೊಳಗೆ ತುರುಕಿದಳು. ಜೇಬಿನ ಬಾಯಿಗೆ ಬಿಗಿಯಾಗಿ ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಇದಕ್ಕೆ ಕೂಲಿ ಬೇಡ ಎಂದು ಕೋಟನ್ನು ಕೊಟ್ಟುಬಿಟ್ಟಳು.

ಆಮೇಲೆ ಚಪ್ಪಲಿ ಮೆಟ್ಟಿ ಎದುರು ಮನೆಗೆ ಹೋಗಿ ತಂಗಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ತಂಗಿ ನಗುತ್ತಾಳೆ ಎಂದುಕೊಂಡಿದ್ದಳು. ಆದರೆ ತಂಗಿಯ ಕಣ್ಣು ತುಂಬಿ ಬಂತು.

"ಒಂದು ತಿಂಗಳಿಂದ ನನ್ನ ಮುಖ ನೋಡಿ ಮಾತಾಡಿಲ್ಲ ನೀನು. ನಾನೇನು ತಪ್ಪು ಮಾಡಿದೆ ಅಂತ ಯೋಚನೆ ಮಾಡಿ ಮಾಡಿ ಸಾಕಾಯ್ತು ಅಕ್ಕ."

ಟೈಲರಕ್ಕ ತಂಗಿಯ ಪಕ್ಕದಲ್ಲೇ ಕುಳಿತಳು.

"ತಪ್ಪು ನಂದೇ ಕಣೇ. ಈಗ ಹೋಗಿ ಎಲ್ಲರಿಗೂ ಹೇಳು. ಆದ್ರೆ ಅಕ್ಕ ಹೊಲಿಗೆ ಬಿಡಲ್ಲ ಅನ್ನೋದನ್ನ ಮೊದಲು ಹೇಳು."

ತಂಗಿ ಕಣ್ಣೊರೆಸಿಕೊಂಡು ಎದ್ದಳು. ಮರುದಿನ ಮಧ್ಯಾಹ್ನದೊಳಗೆ ಬಾಗಿಲಲ್ಲಿ ಏಳು ಜನ. ಮೂಲೆಯ ಬೇಕರಿಯವನು ಮಗಳು ಅಳಿಯನಿಗಾಗಿ ಎರಡು ವರ್ಷದಿಂದ ಇದೇ ಬೀದಿಯಲ್ಲಿ ಮನೆ ಹುಡುಕುತ್ತಿದ್ದನಂತೆ. ದಿನಾ ಅವನ ಹತ್ತಿರ ಬ್ರೆಡ್ಡು ಕೊಳ್ಳುತ್ತಿದ್ದ ಟೈಲರಕ್ಕನಿಗೆ ಅದು ಗೊತ್ತೇ ಇರಲಿಲ್ಲ. ವ್ಯಾಯಾಮದ ಮೇಷ್ಟ್ರೊಬ್ಬರು ಮೆಟ್ಟಿಲುಗಳನ್ನು ಎರಡು ಸಲ ಹತ್ತಿಳಿದು, ಮನೆ ಎಂದರೆ ಹೀಗಿರಬೇಕು ಎಂದರು. ಇಬ್ಬರ ಪೈಪೋಟಿಯಲ್ಲಿ ಬೇಕರಿಯವನು ಗೆದ್ದ, ಕಿಟಕಿಯ ಕೋಣೆ ಟೈಲರಕ್ಕನದಾಯಿತು. ಹೆದರಿ ಬಟ್ಟೆ ವಾಪಸ್ಸು ಒಯ್ದವರು ಇಬ್ಬರೇ, ಅವರು ಕೂಲಿಗೆ ಚೌಕಾಸಿ ಮಾಡುವವರು, ಹೋಗಲಿ ಬಿಡಿ.

ಹೊಸ ಮನೆಗೆ ಬಂದ ಮೊದಲ ದಿನವೇ ಪೇಂಟರ್ ಬಂದು ಟೈಲರ್ ಎಂದು ಬೋರ್ಡು ಬರೆಯಲೇ ಎಂದು ಕೇಳಿದ. ಟೈಲರಕ್ಕ ಆಗ ಕಿಟಕಿಯ ಪಕ್ಕ ಎರಡು ಕುರ್ಚಿ ಎಳೆದು ಹಾಕುತ್ತಿದ್ದಳು, ಒಂದು ತನಗೆ, ಇನ್ನೊಂದು ದಿನಾ ನಾಲ್ಕು ಗಂಟೆಗೆ ಬರುತ್ತೇನೆಂದಿದ್ದ ತಂಗಿಗೆ. ಬೋರ್ಡು ಆಗಲೇ ಮೂರು ಬೀದಿ ಸುತ್ತಿ ಬರುತ್ತಿದೆ ಎಂದು ಹೇಳಿ ಅವನನ್ನು ಕಳಿಸಿದಳು.